ಜರ್ಮನಿ ಎಂದು ಬರೆದ ಡಬ್ಬಿ

ಅಟ್ಟದಿಂದ ಹಳೆಯ ಸ್ಟೀಲ್ ಡಬ್ಬಿಯೊಂದನ್ನು ಇಳಿಸಿ ಮುಚ್ಚಳ ತೆಗೆದೆ. ಮೊದಲು ಗೋಧಿಹಿಟ್ಟಿನ ಮುಗ್ಗಲು ವಾಸನೆ ಬಂತು, ಅದರ ಹಿಂದೆಯೇ ಎಳೆಯಷ್ಟು ಒಣಮೆಣಸಿನಕಾಯಿಯ ಘಾಟು. ಎರಡು ಸಲ ಸೀನಿದೆ. ಮುಚ್ಚಳದ ಮೇಲೆ ಕೆಂಪು ಬಣ್ಣದ ದಪ್ಪ ಅಕ್ಷರಗಳಲ್ಲಿ ‘ಜರ್ಮನಿ’ ಎಂದು ಬರೆದಿತ್ತು.

“ಅಪ್ಪಾ, ಇದನ್ನ ಜರ್ಮನಿಯಿಂದ ತಂದಿದ್ದಾ?” ಎಂದಳು ಮಗಳು.

“ಇಲ್ಲ ಕಣೇ, ಕುರುಬರಹಳ್ಳಿಯಿಂದ” ಎಂದೆ. ಅವಳು ನಕ್ಕು ಹೋದಳು. ನಾನು ಡಬ್ಬಿ ಹಿಡಿದುಕೊಂಡು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ...

ನಮ್ಮ ಮನೆಗೆ ಹತ್ತಿರದ ಕುರುಬರಹಳ್ಳಿಯ ಅಡ್ಡರಸ್ತೆಯೊಂದರಲ್ಲಿ ಒಂದು ಹಿಟ್ಟಿನ ಮಿಲ್ಲಿತ್ತು. ನಾವೆಲ್ಲ ಮಿಲ್ಲು ಅನ್ನುತ್ತಿದ್ದೆವು, ನಡೆಸುತ್ತಿದ್ದವರು ಗಿರಣಿ ಅನ್ನುತ್ತಿದ್ದರು. ಗದಗಿನ ಕಡೆಯವರು, ಅರವತ್ತು ದಾಟಿದ್ದವರು. ಬೆಳಿಗ್ಗೆ ಹಣೆಯಲ್ಲಿ ಮೂರು ಗೆರೆ ವಿಭೂತಿ ಸ್ಪಷ್ಟವಾಗಿರುತ್ತಿತ್ತು. ಸಂಜೆಯ ಹೊತ್ತಿಗೆ ಎಲ್ಲಿ ವಿಭೂತಿ ಮುಗಿದು ಎಲ್ಲಿ ಹಿಟ್ಟು ಶುರುವಾಗಿದೆ ಎಂದು ಹೇಳಲು ಬರುತ್ತಿರಲಿಲ್ಲ. ಮೂಲೆಯಲ್ಲಿ ಒಂದು ಸಣ್ಣ ಟಿವಿ ಇತ್ತು. ಮಿಲ್ಲಿನ ಸದ್ದಿನಲ್ಲಿ ಅದರ ದನಿ ಕೇಳುವುದು ಸಾಧ್ಯವೇ ಇರಲಿಲ್ಲ, ಹಾಗಾಗಿ ಅವರು ಅದಕ್ಕೆ ದನಿಯನ್ನೇ ಕೊಟ್ಟಿರಲಿಲ್ಲ.

ಹಿಂದಿನ ಸಲದ ಫುಟ್‌ಬಾಲ್ ವಿಶ್ವಕಪ್ ಪಂದ್ಯಗಳು ನಮ್ಮ ಪುಣ್ಯಕ್ಕೆ ಮಧ್ಯಾಹ್ನ, ಸಂಜೆ ಎಲ್ಲ ಬರುತ್ತಿದ್ದವು. ಆದರೆ ಮನೆಯಲ್ಲಿ ನೋಡಲು ನನಗೆ ಅಪ್ಪಣೆಯಿರಲಿಲ್ಲ. “ರೀ, ನೀವು ಹಿಂಗೆ ನಿಟ್ಟುಸಿರು ಬಿಡ್ತಾ ಕೂತ್ರೆ ನಂಗೆ ಬಿಪಿ ಬರುತ್ತೆ. ಎಲ್ಲಾದ್ರೂ ಹೋಗಿ ನೋಡ್ಕೊಂಡ್ ಬನ್ನಿ” ಎಂದಿದ್ದಳು ಹೆಂಡತಿ. ಹಾಗಾಗಿ ದಿನಾ ಒಂದು ಕಿಲೋ ಗೋಧಿ ಡಬ್ಬಿಗೆ ಹಾಕಿಕೊಂಡು ಮಿಲ್ಲಿಗೆ ಹೋಗುತ್ತಿದ್ದೆ. ಮನೆಯಲ್ಲಿ ಹಿಟ್ಟು ಬೆಟ್ಟದಂತೆ ಬೆಳೆಯಿತು. ಚಪಾತಿ, ಪೂರಿ, ಮತ್ತೆ ಚಪಾತಿ.

ನನ್ನ ತಂಡ ಜರ್ಮನಿ. ಪ್ರೀತಿಯಿಂದಲ್ಲ, ಭಯದಿಂದ. ಲಿಫ್ಟ್ ಹತ್ತಿದರೆ ನಿಂತುಬಿಡುತ್ತದೇನೋ, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಹೆದರುವ ಜಾತಿ ನಾನು. ನನ್ನಂಥವನಿಗೆ ಅತಿ ಕಡಿಮೆ ಆತಂಕ ಕೊಡುವ ತಂಡ ಅದೇ ಎಂದು ಲೆಕ್ಕ ಹಾಕಿದ್ದೆ. ಅದನ್ನು ಕೇಳಿ ಮಿಲ್ಲಿನವರು ನಕ್ಕು, ನನ್ನ ಡಬ್ಬಿಯ ಮೇಲೆ ಆ ಹೆಸರು ಬರೆದೇಬಿಟ್ಟರು. ಅವರಿಗೆ ದೇಶಗಳೆಲ್ಲ ಕಾಳುಗಳು.

“ಜರ್ಮನಿ ಗೋದಿ ಇದ್ದಂಗ್ರಿ ಸರ. ಒಂದ ನಮೂನಿ ಬರತೈತಿ, ಒಂದ ನಮೂನಿ ಹೋಗತೈತಿ. ಬ್ರೆಜಿಲ್ ಅಂದ್ರ ಕಡ್ಲಿಬ್ಯಾಳಿ. ಕಲ್ಲಿನ್ಯಾಗ ಹಾಕಿದ್ರೂ ಕುಣೀತೈತಿ.”

“ಅರ್ಜೆಂಟೀನಾ ಯಜಮಾನ್ರೇ?”

“ಹಸಿ ರಾಗಿ. ಅಂಟ್ಕೊಂಡು ಜೀವಾ ತಿಂತೈತಿ. ಆದ್ರ ಕಡೀಕ ಹೊಟ್ಟಿ ತುಂಬಸ್ತೈತಿ ನೋಡ್ರಿ.” ಹಿಂದಿನ ದಿನವಷ್ಟೇ ಅರ್ಜೆಂಟೀನಾ ಸೌದಿಯವರ ಕೈಲಿ ಸೋತಿತ್ತು. ನನಗೆ ಈ ಮಾತು ಹುಚ್ಚು ಎನಿಸಿತ್ತು.

ಕ್ರೊಯೇಷಿಯಾದ ಕೆಂಪು ಬಿಳಿ ಚೌಕಳಿ ಅಂಗಿ ನೋಡಿದಾಗಲೆಲ್ಲ “ನಮ್ಮ ಅಕ್ಕನ ಖಾನಾವಳಿ ಟೇಬಲ್ ಮ್ಯಾಲಿನ ಬಟ್ಟಿ” ಅನ್ನುತ್ತಿದ್ದರು. ಅಕ್ಕ ಎಂದು ಎಲ್ಲರೂ ಕರೆಯುತ್ತಿದ್ದ ಆಕೆಯ ಖಾನಾವಳಿಯೇ ಮಿಲ್ಲಿನ ಜೀವಾಳ. ಎಲ್ಲರೂ ಪ್ಯಾಕೆಟ್ ಹಿಟ್ಟಿಗೆ ಹೋಗಿಯಾಗಿತ್ತು. ನನ್ನ ಒಂದು ಕಿಲೋ ಗೋಧಿಯಿಂದ ಕರೆಂಟ್ ಬಿಲ್ಲೂ ಹುಟ್ಟುತ್ತಿರಲಿಲ್ಲ. ಉತ್ತರ ಕರ್ನಾಟಕದ ಹುಡುಗರಿಗೆಲ್ಲ ರೊಟ್ಟಿ ಬಡಿಯುತ್ತಿದ್ದ ಆ ಅಕ್ಕ ದಿನಾ ಸಂಜೆ ಕಳಿಸುತ್ತಿದ್ದ ಒಂದು ದೊಡ್ಡ ಡಬ್ಬ ಜೋಳದ ಮೇಲೆ ಮಿಲ್ಲು ನಿಂತಿತ್ತು. “ಅಕ್ಕನ ಜ್ವಾಳಾ ನಿಂತ ದಿನ ನಾನೂ ನಿಂತೆ ಅಂತ ತಿಳೀರಿ” ಎಂದು ಅವರೇ ಹೇಳಿದ್ದರು.

ಬುಧವಾರ ಮಿಲ್ಲಿನಲ್ಲಿ ಖಾರದ ದಿನ. ಇದ್ದದ್ದು ಒಂದೇ ಯಂತ್ರ. ಮೆಣಸಿನಕಾಯಿ ಬೀಸಿದ ಮೇಲೆ, ಬೀಸುವ ಕಲ್ಲಿಗಂಟಿದ ಖಾರ ಹೋಗಲು ಒಂದು ಬಟ್ಟಲು ಅಕ್ಕಿ ಹಾಕಿ ಬೀಸಿ, ಆ ಕೆಂಪು ಹಿಟ್ಟನ್ನು ಎಸೆದು, ಆಮೇಲೆಯೇ ಬೇರೆ ಕಾಳು ಮುಟ್ಟಬೇಕು. ಕಲ್ಲು ತೊಳೆಯುವುದು ಅನ್ನುತ್ತಿದ್ದರು ಅದಕ್ಕೆ.

ಜರ್ಮನಿ ಮತ್ತು ಜಪಾನ್ ಆಡಿದ್ದು ಅಂಥದೇ ಒಂದು ಬುಧವಾರ ಸಂಜೆ. ಪಂದ್ಯಕ್ಕೆ ಮುಂಚೆ ಫೋಟೋಕ್ಕೆ ನಿಂತ ಜರ್ಮನಿಯವರೆಲ್ಲ ಕೈಯಿಂದ ಬಾಯಿ ಮುಚ್ಚಿಕೊಂಡರು. ದನಿಯಿಲ್ಲದ ಟಿವಿ, ಏನೆಂದು ತಿಳಿಯಲಿಲ್ಲ. ಏನೋ ಪ್ರತಿಭಟನೆಯಂತೆ, ಮರುದಿನ ಪೇಪರಿನಲ್ಲಿ ಓದಿದೆ. ಮಿಲ್ಲಿನವರು ಮಾತ್ರ ಮೆಣಸಿನಪುಡಿ ತುಂಬುತ್ತಲೇ, “ನೋಡ್ರಿ ಸರ, ನಮ್ಮ ಘಾಟು ಅಲ್ಲೀಮಟ ಹೋಗೇತಿ!” ಎಂದರು. ನಾನೂ ಕರ್ಚೀಫಿನಲ್ಲಿ ಮೂಗು ಬಾಯಿ ಮುಚ್ಚಿಕೊಂಡೇ ನಿಂತಿದ್ದೆ.

ಮೊದಲರ್ಧ ಜರ್ಮನಿಯದೇ. ಗೋಧಿಯಂತೆಯೇ ಒಂದೇ ಸಮ. ನಾನು ಎಂದಿಲ್ಲದ ನೆಮ್ಮದಿಯಲ್ಲಿದ್ದೆ. ನೆಮ್ಮದಿ ಬಂದರೆ ಏನೋ ಕಾದಿದೆ ಎಂದು ನನಗೆ ಗೊತ್ತಿರಬೇಕಿತ್ತು. ಖಾರ ಮುಗಿದು, ಯಂತ್ರ ಬರಿದೇ ತಿರುಗುತ್ತಿತ್ತು. ಮಿಲ್ಲಿನವರು ಅಕ್ಕಿಯ ಬಟ್ಟಲು ಕೈಗೆತ್ತಿಕೊಂಡು, ಒಂದು ಕಣ್ಣು ಟಿವಿಯ ಮೇಲಿಟ್ಟಿದ್ದರು. ಅಷ್ಟರಲ್ಲಿ ಜಪಾನ್ ಗೋಲು ಹೊಡೆಯಿತು. ನಾನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡೆ. ಮೈಮೇಲೆ ಏನೋ ಉದುರಿದಂತಾಯಿತು, ಮೆಣಸಿನ ಧೂಳಿರಬೇಕು ಎಂದುಕೊಂಡೆ. ಕಣ್ಣು ಬಿಟ್ಟಾಗ ಅವರು ಟಿವಿಯೆದುರು ಕುಣಿಯುತ್ತಿದ್ದರು, ಬಟ್ಟಲು ಬರಿದಾಗಿತ್ತು.

ಇನ್ನು ನನ್ನಿಂದ ನೋಡಲಾಗಲಿಲ್ಲ. ಆತಂಕವಾದಾಗ ಕೈಗೆ ಏನಾದರೂ ಕೆಲಸ ಬೇಕು ನನಗೆ. ಅಕ್ಕಿ ಹಾಕಿಯಾಗಿದೆ, ಕಲ್ಲು ತೊಳೆದಾಗಿದೆ ಎಂದು ತಿಳಿದು, ಪಕ್ಕದಲ್ಲಿದ್ದ ಖಾನಾವಳಿಯ ಡಬ್ಬವನ್ನೆತ್ತಿ ಜೋಳವನ್ನು ಯಂತ್ರದ ಬಾಯಿಗೆ ಸುರಿದು, ನನ್ನ ಜಾಗಕ್ಕೆ ಬಂದು ನಿಂತೆ. ಆಗಲೇ ಜಪಾನಿನ ಎರಡನೇ ಗೋಲು. ಸ್ವಲ್ಪ ಹೊತ್ತಿಗೆ ಮಿಲ್ಲಿನವರು ತಿರುಗಿ ನೋಡಿದರು. ಬೀಳುತ್ತಿದ್ದ ಹಿಟ್ಟನ್ನು ನೋಡಿ ಒಂದು ಗಳಿಗೆ ತಲೆ ಕೆರೆದುಕೊಂಡು ನಿಂತು, ಆಮೇಲೆ ಚೀಲ ಸರಿಮಾಡಿದರು. ಪಂದ್ಯ ಮುಗಿದ ಮೇಲೆ ಜಪಾನಿನ ಅಭಿಮಾನಿಗಳು ಸ್ಟೇಡಿಯಮ್ಮಿನ ಕಸ ಆರಿಸುವುದನ್ನು ತೋರಿಸಿದರು. “ಗೆದ್ದವ್ರು ಕಸಾ ಬಳ್ಯಾಕತ್ತಾರ ನೋಡ್ರಿ ಸರ! ಸಣ್ಣಕ್ಕಿ ಇದ್ದಂಗ. ಸಪ್ಪಳಿಲ್ಲ, ಕೆಲಸಾ ಆಗಿರತೈತಿ” ಎನ್ನುತ್ತ ಅವರೂ ಪೊರಕೆ ಹಿಡಿದರು.

ಮನೆಗೆ ಬಂದು ಅಂಗಿ ಬಿಚ್ಚಿದಾಗ ಜೇಬಿನಿಂದ ಅಕ್ಕಿಕಾಳು ಉದುರಿದವು. ಕಾಲರಿನಿಂದಲೂ ಉದುರಿದವು. ಗೋಲಿನ ಸಂಭ್ರಮದಲ್ಲಿ ಅವರ ಕೈ ಮೇಲಕ್ಕೆ ಹಾರಿ, ಬಟ್ಟಲಿನ ಅಕ್ಕಿಯೆಲ್ಲ ಅಕ್ಷತೆಯಂತೆ ನನ್ನ ಮೇಲೆ ಬಿದ್ದಿತ್ತು. ಅಂದರೆ ಕಲ್ಲಿಗೆ ಒಂದು ಕಾಳೂ ಬಿದ್ದಿರಲಿಲ್ಲ. ಅಂದರೆ ನಾನು ಜೋಳ ಸುರಿದದ್ದು...

ಆಗಲೇ ಓಡಿಹೋಗಿ ಹೇಳಬಹುದಿತ್ತು, ಹತ್ತು ನಿಮಿಷದ ದಾರಿ. ಜೀವನವಿಡೀ ಆಗದ ಅನಾಹುತಗಳಿಗೆ ಅಭ್ಯಾಸ ಮಾಡಿಕೊಂಡಿದ್ದ ನಾನು, ನಿಜವಾದದ್ದೊಂದು ಬಂದಾಗ ಅಕ್ಕಿಕಾಳು ಗುಡಿಸಿ ಕಸದ ಬುಟ್ಟಿಗೆ ಹಾಕಿದೆ. ಸ್ವಲ್ಪ ಖಾರ, ಯಾರಿಗೆ ಗೊತ್ತಾಗುತ್ತೆ ಎಂದುಕೊಂಡೆ.

ಎಲ್ಲರಿಗೂ ಗೊತ್ತಾಗಿತ್ತು. ಮರುದಿನ ನಾನು ಹೋದಾಗ ಖಾನಾವಳಿಯ ಅಕ್ಕ ಮಿಲ್ಲಿನೆದುರು ನಿಂತಿದ್ದರು. “ಹುಡುಗೂರು ನೀರು ನೀರು ಅಂತ ಒದರಾಕತ್ತಿದ್ರು. ನಲವತ್ತು ಊಟಾ ಚೆಲ್ಲೇನಿ. ನಿನಗ ಚೆಂಡಾಟ ಬೇಕೋ ಗಿರಣಿ ಬೇಕೋ?”

“ನಂದ ತಪ್ಪವ್ವಾ. ಆಟಾ ನೋಡ್ಕೋತ ನಿಂತೆ.”

ಯಂತ್ರ ನಿಂತಿತ್ತು. ಅವಿತುಕೊಳ್ಳಲು ಸದ್ದೂ ಇರಲಿಲ್ಲ. ನಾನು ಡಬ್ಬಿ ತಬ್ಬಿಕೊಂಡು, ಜರ್ಮನಿಯ ಆ ಫೋಟೋದ ಹನ್ನೊಂದು ಮಂದಿಯ ಜೊತೆ ಹನ್ನೆರಡನೆಯವನಾಗಿ ನಿಂತಿದ್ದೆ. ಅವರು ಏನನ್ನೋ ಹೇಳಲು ಬಾಯಿ ಮುಚ್ಚಿಕೊಂಡಿದ್ದರು. ನಾನು ಹೇಳದಿರಲು.

ಅಕ್ಕನ ಜೋಳ ಅಂದೇ ಬೇರೆ ಮಿಲ್ಲಿಗೆ ಹೋಯಿತು. ಮಿಲ್ಲಿನವರು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಮುಂದಿನ ಬುಧವಾರ ಮಾತ್ರ ಅಕ್ಕಿಯ ಬಟ್ಟಲನ್ನು ನನ್ನ ಕೈಗೆ ಕೊಟ್ಟು, “ಕಲ್ಲು ನೀವ ತೊಳೀರಿ ಸರ” ಎಂದರು. ಚುಚ್ಚಿದರೋ, ಕ್ಷಮಿಸಿದರೋ? ಅವರ ಮುಖದಲ್ಲಿ ಹಿಟ್ಟು ಬಿಟ್ಟರೆ ಬೇರೇನೂ ಕಾಣಲಿಲ್ಲ. ಆ ಹೊತ್ತಿಗೆ ನನಗೆ ಯಾವ ತಂಡವೂ ಅರ್ಥವಾಗುತ್ತಿರಲಿಲ್ಲ. ಗೋಧಿ ಮೊದಲ ಸುತ್ತಿನಲ್ಲೇ ಮನೆಗೆ ಹೋಯಿತು, ಹಸಿ ರಾಗಿ ಅರ್ಜೆಂಟೀನಾ ಕಪ್ ಎತ್ತಿತು. ಕೆಲವೇ ತಿಂಗಳಲ್ಲಿ ಮಿಲ್ಲು ಮುಚ್ಚಿತು. ಅವರು ಊರಿಗೆ ಹೋದರು. ನಾನೇ ಜೋಳ ಸುರಿದದ್ದನ್ನು ಅವರು ಕಂಡಿದ್ದರು, ಕಂಡೂ ನನ್ನ ಮಾನ ಉಳಿಸಿದರು ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ಆ ನಂಬಿಕೆಯಲ್ಲಿ ನನಗೆ ಒಂದು ಥರದ ಹಾಯಿಯೂ ಇತ್ತು, ಸುಳ್ಳೇಕೆ ಹೇಳಲಿ.

ಈಗ ಮತ್ತೆ ವಿಶ್ವಕಪ್. ಡಬ್ಬಿ ಇಳಿಸಿದ ಮರುದಿನ ಅದನ್ನೇ ಹಿಡಿದುಕೊಂಡು ಖಾನಾವಳಿಗೆ ಹೋದೆ. ಮಿಲ್ಲಿದ್ದ ಜಾಗದಲ್ಲಿ ಮೊಬೈಲ್ ಅಂಗಡಿಯಿದೆ. ಅಕ್ಕನ ತಲೆ ನರೆತಿದೆ, ಟೇಬಲ್ ಮೇಲೆ ಅದೇ ಕ್ರೊಯೇಷಿಯಾ. ಮಿಲ್ಲಿನವರು ಹೇಗಿದ್ದಾರೆ ಎಂದೆ.

“ಹ್ವಾದ ವರ್ಷ ತೀರ್ಕೊಂಡ್ರಂತ್ರಿ ಸರ. ಅವತ್ತು ಸಿಟ್ಟಿನ್ಯಾಗ ಅಂದಿದ್ದೆ, ಎರಡ ವಾರಕ್ಕ ನಾನ ಹೋಗಿ ಜ್ವಾಳಾ ಕಳಸ್ತೀನಿ ಅಂದೆ. ಬ್ಯಾಡವ್ವಾ ಅಂದ್ರು. ‘ಜ್ವಾಳಾ ಯಾವಾಗ ಹಾಕಿದ್ನೋ ನನಗ ನೆನಪ ಇಲ್ಲ. ಹಾಕಿದ್ದು ನನ್ನ ಕೈಲೇ, ತಲ್ಯಾಗ ಮಾತ್ರ ಇಲ್ಲ. ನಮ್ಮಪ್ಪಗೂ ಮರವು ಹಿಂಗ ಶುರುವಾಗಿತ್ತು. ಇನ್ನ ಯಾರದರೆ ಅನ್ನಕ್ಕ ಏನರೆ ಬೆರೆಸೇನು’ ಅಂದ್ರು. ಆ ಅಂಜಿಕೀಲೇ ಗಿರಣಿ ಮಾರಿದ್ರು.”

ಅವರು ನನ್ನನ್ನು ಕಂಡೇ ಇರಲಿಲ್ಲ. ಕಲ್ಲು ತೊಳೆಯಲು ನನಗೆ ಕೊಟ್ಟದ್ದು ತಮ್ಮ ಕೈಯ ಮೇಲೆ ತಮಗೇ ನಂಬಿಕೆ ಹೋಗಿದ್ದರಿಂದ.

“ಅಕ್ಕಾ, ಅವತ್ತು ಜೋಳ ಹಾಕಿದ್ದು ನಾನು” ಎಂದೆ.

ಅಕ್ಕ ಹಂಚಿನ ಮೇಲಿನ ರೊಟ್ಟಿ ತಿರುವಿದರು. ಅದು ಉಬ್ಬಿ, ಮತ್ತೆ ಇಳಿದ ಮೇಲೆ ತೆಗೆದು ಬುಟ್ಟಿಗೆ ಹಾಕಿದರು. “ನನಗ್ಯಾಕ ಹೇಳ್ತೀರಿ ಸರ ಈಗ?” ಎಂದರು.

ಡಬ್ಬಿ ಎತ್ತಿಕೊಂಡು ಹೊರಟೆ. ಬರುವಾಗ ದಾರಿಯಲ್ಲಿ ಯಾರೋ ಹುಡುಗ, “ಅಂಕಲ್, ಜರ್ಮನಿ ಸಪೋರ್ಟರಾ?” ಎಂದು ಡಬ್ಬಿ ತೋರಿಸಿ ನಕ್ಕ. ತಲೆಯಾಡಿಸಿದೆ, ಹೌದೆಂದೋ ಅಲ್ಲವೆಂದೋ ನನಗೇ ಗೊತ್ತಾಗಲಿಲ್ಲ. ಡಬ್ಬಿ ಈಗ ಅಡುಗೆಮನೆಯಲ್ಲಿದೆ. ಹೆಂಡತಿ ತೊಳೆಯಲು ತೆಗೆದಳು. ಬೇಡ, ಹಾಗೇ ಇರಲಿ ಎಂದೆ.