ತೂಬಾಳ ನಾಲ್ಕೂವರೆ ಆಂಪಿಯರ್

ತೂಬಾ ಮೊದಲ ದಿನ ಗಣಿತ ಕಲಿಯಲು ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಮನೆಗೆ ಬಂದಾಗ ಅವಳ ಬೆರಳಿಗೆ ವಾರ್ನಿಷ್ ಮೆತ್ತಿಕೊಂಡಿತ್ತು. ಕೈ ತೊಳೆದು ಬಾ ಎಂದೆ. ತೊಳೆದೇ ಬಂದಿದ್ದೇನೆ, ಇದು ಹೋಗುವುದಿಲ್ಲ ಎಂದಳು. ಅವಳ ತಂದೆ ಮಲಂಗಸಾಬರದು ಕಮಲಾಪುರದಲ್ಲಿ ಮೋಟರ್ ವೈಂಡಿಂಗ್ ಅಂಗಡಿ; ಹೊಸ ತಂತಿ ಸುತ್ತಿ ವಾರ್ನಿಷ್ ಹಚ್ಚುವ ಕೆಲಸ. ಸುತ್ತಲಿನ ಬಾಳೆ ತೋಟಗಳಲ್ಲಿ ಸುಟ್ಟುಹೋದ ಮೋಟರುಗಳೆಲ್ಲ ಅಲ್ಲಿಗೇ ಬರುತ್ತವೆ. ತೂಬಾ ಡಿಪ್ಲೊಮಾ ಮುಗಿಸಿ ಬಿ.ಟೆಕ್. ಎಲೆಕ್ಟ್ರಿಕಲ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರಿದ್ದಳು. ದಿನಾ ಬಸ್ಸಿನಲ್ಲಿ ಓಡಾಟ. ಗಣಿತದಲ್ಲಿ ಹಿಂದೆ ಬಿದ್ದಿದ್ದಳು. ನಾನು ಕಾಲೇಜಿನಲ್ಲಿ ಮೂವತ್ತು ವರ್ಷ ಕಲಿಸಿದ್ದೂ ಅದನ್ನೇ.

ಅವಳ ಕಾಲೇಜಿನ ಪ್ರಯೋಗಾಲಯದಲ್ಲಿ ಐದು ಎಚ್‌ಪಿಯ ಒಂದು ಮೋಟರು ಇದೆ. ಅದನ್ನು ಹೊರೆಯಿಲ್ಲದೆ ಓಡಿಸಿ, ಎಷ್ಟು ಕರೆಂಟು ಎಳೆಯುತ್ತದೆಂದು ಅಳೆದು ರೆಕಾರ್ಡ್ ಪುಸ್ತಕದಲ್ಲಿ ಬರೆಯಬೇಕು. ಹುಡುಗರು ಅಳೆದಂತೆ ಮಾಡಿ ಹಿಂದಿನ ವರ್ಷದವರ ಪುಸ್ತಕ ನೋಡಿ ಎರಡೂ ಮುಕ್ಕಾಲು ಆಂಪಿಯರ್ ಎಂದು ಬರೆಯುತ್ತಿದ್ದರು. ಹಿಂದಿನವರು ಅವರ ಹಿಂದಿನವರದನ್ನು ನೋಡಿದ್ದರು. ತೂಬಾಳ ಮೀಟರು ನಾಲ್ಕೂವರೆ ತೋರಿಸಿತು. ಅವಳು ನಾಲ್ಕೂವರೆ ಬರೆದಳು.

ಪ್ರಯೋಗಾಲಯದ ಮೇಷ್ಟ್ರು ಶಿವಶರಣ ಸಹಿ ಹಾಕಲಿಲ್ಲ.

"ಇಷ್ಟು ವರ್ಷ ಎಲ್ಲಾರಿಗೂ ಎರಡೂ ಮುಕ್ಕಾಲು ಬಂದದ. ನಿನಗೊಬ್ಬಾಕಿಗೆ ಹ್ಯಾಂಗ ನಾಲ್ಕೂವರೆ ಬರ್ತದ?"

"ಎಲ್ಲಾರಿಗೂ ಬಂದಿಲ್ರೀ ಸರ್. ಎಲ್ಲಾರೂ ಬರದಾರ."

ಇದು ನಡೆದಾಗ ಪರೀಕ್ಷೆಗೆ ಹತ್ತು ದಿನವಿತ್ತು. ಸಹಿಯಿಲ್ಲದ ರೆಕಾರ್ಡ್ ಹಿಡಿದು ಹೋದವರನ್ನು ಪ್ರಾಯೋಗಿಕ ಪರೀಕ್ಷೆಗೆ ಕೂರಿಸುವುದಿಲ್ಲ. ಆ ಒಂದು ಅಂಕಿ ಹೊಡೆದು ಬೇರೆ ಬರೆದಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಬರೆಯುವುದಿಲ್ಲ ಎಂದು ನನ್ನೆದುರು ಕುಳಿತು ಹೇಳಿದಳು. ನಾನು ಭೇಷ್ ಎನ್ನಲಿಲ್ಲ. ಮೀಟರು ಕೆಟ್ಟಿರಬಹುದಲ್ಲ ಎಂದೆ. ಇನ್ನೊಂದು ಮೀಟರಿನಿಂದಲೂ ನೋಡಿದ್ದಳು. ಹಾಗಾದರೆ ಕಾರಣ ಹುಡುಕು, ಕಾರಣ ಸಿಗದ ಹಟಕ್ಕೆ ಬೆಲೆಯಿಲ್ಲ ಎಂದು ಕಳಿಸಿದೆ.

ಮರುದಿನ ಶಿವಶರಣರನ್ನು ಕಾಡಿ ಮೋಟರಿನ ಮುಚ್ಚಳ ಬಿಚ್ಚಿಸಿದಳು. ಒಳಗೆ ಏನೂ ಕಾಣದಿದ್ದರೆ ತರಗತಿಯ ಮುಂದೆ ಕ್ಷಮೆ ಕೇಳಬೇಕೆಂಬುದು ಅವರ ಕರಾರು. ಮುಚ್ಚಳ ತೆಗೆದವಳು ಸುರುಳಿಗಳಿಗೆ ಬಿಗಿದ ದಾರವನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಎರಡು ಸುತ್ತು ಹಾಕಿ ಒಳಕ್ಕೆ ತಿರುಗಿಸಿದ ಆ ಗಂಟನ್ನು ಅವಳು ಹತ್ತನೇ ವಯಸ್ಸಿಗೇ ಕಲಿತಿದ್ದಳು. ಅದು ಅವಳ ತಂದೆಯ ಗಂಟು. ಕಾಲೇಜಿನ ಅಟೆಂಡರ್ ಕಮಲಾಪುರದವನು. ಆರು ವರ್ಷದ ಹಿಂದೆ ಮೋಟರು ಸುಟ್ಟಾಗ ಪರಿಚಯದ ಅಂಗಡಿಗೇ ಒಯ್ದಿದ್ದ. ಕಾರಣ ನಾಳೆ ತರುತ್ತೇನೆಂದು ಹೇಳಿ ತೂಬಾ ಬಸ್ಸು ಹಿಡಿದಳು.

ಕಾರಣ ಅಂಗಡಿಯ ಹಳೆಯ ನೋಟುಬುಕ್ಕಿನಲ್ಲಿತ್ತು. ಕಂಪನಿಯವರು ಒಂದು ಸುರುಳಿಗೆ ತಂತಿಯನ್ನು ನಲವತ್ತು ಸುತ್ತು ಹಾಕಿದ್ದರು. ಮಲಂಗಸಾಬರು ಮೂವತ್ತನಾಲ್ಕು ಹಾಕಿದ್ದರು. ಕಮಲಾಪುರದ ತೋಟಗಳಲ್ಲಿ ವೋಲ್ಟೇಜು ಇಳಿದೇ ಇರುತ್ತದೆ. ನಲವತ್ತು ಸುತ್ತಿನ ಮೋಟರು ಅಲ್ಲಿ ಗುಂಯ್‌ಗುಡುತ್ತದೆ, ತಿರುಗುವುದಿಲ್ಲ. ಸುತ್ತು ಕಡಿಮೆ ಮಾಡಿದರೆ ಅಷ್ಟೇ ವೋಲ್ಟೇಜಿನಲ್ಲಿ ನೀರೆತ್ತುತ್ತದೆ. ಕೈಗೆ ಹತ್ತಿದ ರೂಢಿಯಲ್ಲಿ ಕಾಲೇಜಿನ ಮೋಟರನ್ನೂ ಹಾಗೆಯೇ ಸುತ್ತಿಬಿಟ್ಟಿದ್ದರು. ಕಲಬುರಗಿಯ ಪೂರ್ತಿ ವೋಲ್ಟೇಜಿನಲ್ಲಿ ಅದು ಕರೆಂಟು ಹೆಚ್ಚು ಎಳೆಯುತ್ತಿತ್ತು. ಎರಡೂ ಮುಕ್ಕಾಲು ಅದು ಸುಡುವ ಮುಂಚಿನ ಅಂಕಿ.

ಅವರ ಮನೆಮಾತು ದಖ್ಖನಿ. ಅಂದು ತಂದೆಯೊಡನೆ ಆದ ಜಗಳವನ್ನು ತೂಬಾ ನನಗೆ ಕನ್ನಡದಲ್ಲೇ ಹೇಳಿದಳು.

"ಮೂವತ್ತು ವರ್ಷದಾಗ ಒಬ್ಬ ತೋಟದಾಂವ ಮೋಟರ್ ಹೊಳ್ಳಿ ತಂದಿಲ್ಲ. ನನ್ನ ಕೆಲಸ ತಪ್ಪಂತ ಕಾಲೇಜಿನಾಗ ಬರೀತಿ ಏನು?"

"ನಮ್ಮೂರಿಗೆ ನೀವು ಸುತ್ತಿದ್ದು ಖರೆ ಅದ ಅಬ್ಬಾ. ಕಾಲೇಜಿಗೆ ತಪ್ಪು. ಎರಡೂ ಬರೀತೀನಿ."

ನನ್ನ ಹೆಸರು ಬಿಟ್ಟು ಬರೆ ಎಂದರಂತೆ ತಂದೆ. ಯಾರು ಸುತ್ತಿದ್ದು ಎಂದು ಕೇಳಿಯೇ ಕೇಳುತ್ತಾರೆ, ಮುಚ್ಚಿಟ್ಟರೆ ಉಳಿದದ್ದನ್ನೂ ನಂಬುವುದಿಲ್ಲ ಎಂದಳಂತೆ ಇವಳು. ಮಲಂಗಸಾಬರು ಅಂದು ಮಗಳೊಡನೆ ಊಟಕ್ಕೆ ಕೂರಲಿಲ್ಲ. ಬೆಳಿಗ್ಗೆ ನೋಟುಬುಕ್ಕು ಕಂಕುಳಲ್ಲಿಟ್ಟುಕೊಂಡು ಅವಳಿಗಿಂತ ಮೊದಲೇ ಬಸ್ಸಿನಲ್ಲಿ ಕುಳಿತಿದ್ದರು.

"ನನ್ನ ಹೆಸರು ಬರೀತಿ ಅಂದ ಮ್ಯಾಲ ನಾನೂ ಅಲ್ಲಿ ಇರಬೇಕು."

ಪ್ರಯೋಗಾಲಯದಲ್ಲಿ ಅವರು ನೋಟುಬುಕ್ಕಿನ ಪುಟ ತೆರೆದಿಟ್ಟರು. ತೂಬಾ ಮೋಟರಿಗೆ ಕೊಡುವ ವೋಲ್ಟೇಜನ್ನು ಕಮಲಾಪುರದಲ್ಲಿ ಬರುವಷ್ಟೇ, ಮುನ್ನೂರೈವತ್ತಕ್ಕೆ ಇಳಿಸಿದಳು. ಮುಳ್ಳು ನಾಲ್ಕೂವರೆಯಿಂದ ಮೂರರ ಹತ್ತಿರಕ್ಕೆ ಬಂತು. ಶಿವಶರಣ ಎರಡು ಸಲ ಏರಿಸಿ ಇಳಿಸಿ ನೋಡಿದರು.

"ಇದು ನಮ್ಮೂರ ಮೋಟರ್ರೀ ಸರ್," ಎಂದರು ಮಲಂಗಸಾಬರು. "ನಮ್ಮೂರ ಕರೆಂಟ್ ಕೊಟ್ರ ತಕರಾರ ಮಾಡೂದಿಲ್ಲ."

ಶಿವಶರಣ ಸಹಿ ಹಾಕಿ, ಅಂಚಿನಲ್ಲಿ 'ವೈಂಡಿಂಗ್ ದೋಷ' ಎಂದು ಬರೆದರು. ತೂಬಾ ಪುಸ್ತಕ ತೆಗೆದುಕೊಳ್ಳಲಿಲ್ಲ. ದೋಷ ಅಲ್ಲ, ಕಡಿಮೆ ಸುತ್ತು ಎಂದು ಬರೆಯಿರಿ ಎಂದಳು. ಸಹಿ ಸಿಕ್ಕ ಮೇಲೂ ವಾದಿಸುವ ವಿದ್ಯಾರ್ಥಿಯನ್ನು ಅವರು ಮೊದಲು ಕಂಡಿರಲಿಕ್ಕಿಲ್ಲ. ಹೊಡೆದು, ಹಾಗೆಯೇ ಬರೆದರು. ಚಿತ್ತಾದ ಪುಟಕ್ಕೆಂದು ಆಮೇಲೆ ಎರಡು ಅಂಕವನ್ನೂ ಕಳೆದರು. ಆ ಅಂಕಗಳಿಗಾಗಿ ಇವಳು ಹೋಗಿ ಕೇಳಲಿಲ್ಲ.

ಪರೀಕ್ಷೆಯ ದಿನ ಚೀಟಿ ಎತ್ತಿದಾಗ ಅವಳಿಗೆ ಬಂದದ್ದು ಅದೇ ಮೋಟರು. ನಾಲ್ಕೂವರೆ ಬರೆದು ಪಾಸಾದಳು. ಅದೇ ಮೋಟರು ಬಂದ ಇನ್ನೊಂದು ತಂಡದ ಇಬ್ಬರು ಆಗಲೂ ಎರಡೂ ಮುಕ್ಕಾಲು ಬರೆದರು.

ಅದು ತಿಳಿದ ಮೇಲೆ ಅವಳು ಮೋಟರಿನ ಮೇಲೊಂದು ಚೀಟಿ ಅಂಟಿಸಿದಳು: '34 ಸುತ್ತು. ಮೀಟರ್ ನೋಡಿ ಬರೀರಿ.' ವಾರದೊಳಗೆ ಯಾರೋ ಕಿತ್ತರು. ಎರಡನೇ ಚೀಟಿಯ ಮೇಲೆ ಅಂಗಡಿಯಿಂದ ತಂದ ವಾರ್ನಿಷ್ ಬಳಿದಳು. ಅದನ್ನು ಇನ್ನೂ ಯಾರಿಗೂ ಕೀಳಲು ಆಗಿಲ್ಲ.