ಕೊತ್ತಂಬರಿ ಬೀಜ, ತಂಗಿಯ ಕತ್ತರಿ

ಅರಸೀಕೆರೆಯ ಕಾಲೇಜೊಂದರಲ್ಲಿ ನಾನು ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ಹಣ್ಣುಗಳ ಪಾಠ ಬಂದಾಗಲೆಲ್ಲ ಒಂದು ಹಿಡಿ ಕೊತ್ತಂಬರಿ ಬೀಜ ತಂದು ಮೇಜಿನ ಮೇಲೆ ಹರಡಿ, ಹೆಬ್ಬೆರಳಿನಿಂದ ಒತ್ತಿ ತೋರಿಸುತ್ತೇನೆ. ನಾವು ಬೀಜ ಎನ್ನುವುದು ನಿಜಕ್ಕೂ ಹಣ್ಣು. ಒಣಗಿದ ಮೇಲೆ ಎರಡು ಹೋಳಾಗುತ್ತದೆ, ಒಂದೊಂದು ಹೋಳಿನಲ್ಲೂ ಒಂದು ಬೀಜ. ಇಂಥ ಹಣ್ಣಿಗೆ ಸ್ಕೈಜೋಕಾರ್ಪ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ‘ಸ್ಕೈಜೋ’ ಅಂದರೆ ಸೀಳುವುದು, ‘ಕಾರ್ಪೋಸ್’ ಅಂದರೆ ಹಣ್ಣು. ಹುಡುಗರು ಬರೆದುಕೊಳ್ಳುತ್ತಾರೆ, ಪರೀಕ್ಷೆ ಮುಗಿದ ಮಾರನೇ ದಿನ ಮರೆಯುತ್ತಾರೆ.

ನಮ್ಮ ಅವ್ವನಿಗೆ ಗ್ರೀಕಿನ ಹಂಗಿಲ್ಲ. ಹಳೇಬೀಡಿನ ಮನೆಯಲ್ಲಿ ಕೊತ್ತಂಬರಿ ಬಿತ್ತುವ ಮುಂಚೆ ಅದನ್ನು ಗೋಣಿಚೀಲದ ಮೇಲೆ ಹರಡಿ, ಹಳೇ ಚಪ್ಪಲಿಯಿಂದ ಉಜ್ಜಿ ಬೇಳೆ ಮಾಡುತ್ತಾಳೆ. ಹೊಸಿಲು ದಾಟಿ ಚಪ್ಪಲಿ ಬಂದರೆ ರಂಪ ಮಾಡುವವಳು ಈ ಒಂದು ಚಪ್ಪಲಿಯನ್ನು ಮಾತ್ರ ತೊಳೆದು ಒಣಗಿಸಿ ಅಟ್ಟದ ಮೇಲೆ ಜೋಪಾನವಾಗಿ ಇಟ್ಟಿದ್ದಾಳೆ.

ನನ್ನ ತಂಗಿ ಅವ್ವನ ಜೊತೆಗೇ ಇದ್ದಾಳೆ. ಮನೆಯ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುವುದು ಅವಳ ಕೆಲಸ. ಬೇಲೂರಿನಿಂದಲೂ ಬಸ್ಸು ಹತ್ತಿ ಬಂದು ಅಳತೆ ಕೊಡುವವರಿದ್ದರು. ಹೋದ ವರ್ಷ ಅವಳು ಹೊಲಿಯುವುದನ್ನು ನಿಲ್ಲಿಸಿಬಿಟ್ಟಳು. ಮಿಷನ್ ತುಳಿದರೆ ಆ ಸದ್ದಿನಲ್ಲಿ ಯಾರೋ ತನ್ನನ್ನು ಬೈಯುತ್ತಾರೆ ಅಂದಳು. ಊಟ ಬಿಟ್ಟಳು, ನಿದ್ದೆ ಬಿಟ್ಟಳು. ಹಾಸನದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಹೇಳಿದ ಕಾಯಿಲೆಯ ಹೆಸರು ಸ್ಕಿಜೋಫ್ರೇನಿಯಾ. ಅದರ ಮೊದಲರ್ಧದ ‘ಸ್ಕಿಜೋ’, ನಾನು ಇಷ್ಟು ವರ್ಷ ಮೇಜಿನ ಮೇಲೆ ಒಡೆದು ತೋರಿಸಿದ ಅದೇ ‘ಸ್ಕೈಜೋ’.

ಊರಿನ ಔಷಧಿ ಅಂಗಡಿಯವನು ಅವ್ವನಿಗೆ ಅರ್ಥ ಬಿಡಿಸಿ ಹೇಳಿದ. “ಮನಸ್ಸು ಎರಡು ಹೋಳಾಗೋ ಕಾಯ್ಲೆ ಕಣವ್ವ. ಒಂದೇ ಮೈಯಾಗೆ ಇಬ್ರು ಇರ್ತಾರೆ.” ಅವತ್ತೇ ಅವ್ವ ತಂಗಿಯ ದೊಡ್ಡ ಕತ್ತರಿಯನ್ನು ಅಕ್ಕಿ ಡ್ರಮ್ಮಿನೊಳಗೆ ಹೂತಿಟ್ಟಳು.

ಮಾತ್ರೆ ಕೆಲಸ ಮಾಡಿತು. ತಂಗಿ ತಾನೇ ತಲೆ ಬಾಚಿಕೊಳ್ಳತೊಡಗಿದಳು, ಟೀವಿ ನೋಡಿ ನಕ್ಕಳು, ಬೈಗುಳ ಕೇಳಿಸುವುದು ನಿಂತಿತು. ಒಂದು ಭಾನುವಾರ ನಾನು ಅಲ್ಲಿದ್ದಾಗಲೇ, “ಅವ್ವಾ, ನನ್ ಕತ್ತರಿ ಎಲ್ಲೈತೆ?” ಅಂದಳು.

ಅವ್ವ ಅವಳ ಮುಖವನ್ನೇ ನೋಡಿ, “ಕೇಳ್ತಿರೋದು ನೀನೋ, ಆ ಇನ್ನೊಬ್ಳೋ?” ಅಂದಳು.

ತಂಗಿ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಕತ್ತರಿ ಸಿಗದಿದ್ದರೆ ಇವಳು ಮತ್ತೆ ಮೇಲೇಳುವುದಿಲ್ಲ ಎಂದು ನನಗೆ ದಿಗಿಲಾಯಿತು.

ಮುಂದಿನ ಸಲ ಹಾಸನಕ್ಕೆ ಅವ್ವನನ್ನೂ ಹೊರಡಿಸಿದೆ. ಅವಳೆದುರಿಗೇ ಡಾಕ್ಟರನ್ನು ಆ ಪದದ ಅರ್ಥ ಕೇಳಿದೆ. “ಸೀಳಿದ ಮನಸ್ಸು ಅಂತಾನೇ ಅರ್ಥ,” ಅಂದರು ಅವರು. “ಆದ್ರೆ ನೂರು ವರ್ಷದ ಹಿಂದೆ ಆ ಹೆಸರಿಟ್ಟವರು ಒಬ್ಬರು ಇಬ್ಬರಾಗ್ತಾರೆ ಅಂತ ಹೇಳ್ಲಿಲ್ಲಮ್ಮ. ಯೋಚನೆ ಒಂದು ಕಡೆ, ಅಳು ನಗು ಇನ್ನೊಂದು ಕಡೆ, ಒಂದಕ್ಕೊಂದು ಹೊಂದೋದಿಲ್ಲ, ಅದನ್ನ ಹೇಳಿದ್ದು. ನಿಮ್ಮ ಮಗಳು ಒಬ್ಬಳೇ. ಮಾತ್ರೆ ತಪ್ಪಿಸ್ಬೇಡಿ, ಹೊಲಿಗೆ ಕೆಲಸ ಮಾಡ್ಲಿ.” ಅವ್ವ ತಲೆಯಾಡಿಸಿದಳು. ಕತ್ತರಿ ಮಾತ್ರ ಡ್ರಮ್ಮು ಬಿಟ್ಟು ಬರಲಿಲ್ಲ.

ಕೊತ್ತಂಬರಿ ಬಿತ್ತುವ ಕಾಲ ಬಂತು. ಜಗಲಿಯ ಮೇಲೆ ಅವ್ವ ಚಪ್ಪಲಿ ಹಿಡಿದು ಉಜ್ಜುತ್ತಿದ್ದಳು, ತಂಗಿ ಪಕ್ಕದಲ್ಲಿ ಕಡ್ಡಿಕಸ ಆರಿಸುತ್ತಿದ್ದಳು. ಪಾಠ ಹೇಳಿ ಹೇಳಿ ಕೆಟ್ಟ ಬಾಯಿ ನನ್ನದು, ಸುಮ್ಮನಿರಲಿಲ್ಲ. “ನೋಡವ್ವ, ಹೋಳಾದ್ರೂ ಎರಡೂ ಮೊಳಕೆ ಬರ್ತವೆ ಅಲ್ವಾ?” ಎಂದು ತಂಗಿಗೆ ಕೇಳಿಸುವ ಹಾಗೆ ಶುರುಮಾಡಿದೆ.

“ಸಾಕು ಸುಮ್ನಿರಕ್ಕ!” ತಂಗಿ ರೇಗಿದಳು. “ನಾನೇನು ಕೊತ್ತಂಬ್ರಿನಾ? ನಂಗೆ ನಿನ್ ಪಾಠ ಬ್ಯಾಡ, ಕತ್ತರಿ ಬೇಕು.”

ಅವ್ವನ ಕೈ ನಿಂತಿತು. “ಇದು ನನ್ ಮಗಳದ್ದೇ ಬಾಯಿ,” ಅಂದಳು. ಎದ್ದು ಒಳಗೆ ಹೋಗಿ, ಅಕ್ಕಿ ಧೂಳು ಮೆತ್ತಿದ ಕತ್ತರಿ ತಂದು ತಂಗಿಯ ಮಡಿಲಿಗೆ ಹಾಕಿದಳು. ಆಮೇಲೆ ಅವಳ ಮುಂದೆಯೇ ಕೂತು ತೋಳು ಚಾಚಿದಳು. “ಈ ರವಿಕೆ ತೋಳು ಹಿಡೀತೈತೆ ಕಣೇ. ಹೊಲಿಗೆ ಬಿಚ್ಚು.”

ತಂಗಿ ಕತ್ತರಿಯನ್ನು ವೇಲಿನಿಂದ ಒರೆಸಿದಳು. ಅದರ ತುದಿಯನ್ನು ಬಟ್ಟೆಗೂ ಅವ್ವನ ತೋಳಿಗೂ ನಡುವೆ ಮೆಲ್ಲಗೆ ತೂರಿಸಿದಳು. ಅವ್ವ ಆರಾಮಾಗಿ ಬೀದಿ ನೋಡುತ್ತಿದ್ದಳು.

ತಂಗಿ ಕತ್ತರಿಸಲಿಲ್ಲ. ತಲೆಯೆತ್ತದೆಯೇ, “ಅಕ್ಕಾ, ಕೈ ಬಿಡು,” ಅಂದಳು.

ಆಗ ನೋಡಿಕೊಂಡೆ. ನನ್ನ ಕೈ ನನಗೇ ತಿಳಿಯದ ಹಾಗೆ ಹೋಗಿ ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿತ್ತು. ನಾಚಿಕೆಯಾಯಿತು. ಬಿಟ್ಟೆ. ಅವಳು ಹೊಲಿಗೆ ಬಿಚ್ಚತೊಡಗಿದಳು.