ಕಿತ್ತಳೆಯೊಳಗಿನ ಪಿತ್ತ

ಕಿತ್ತಳೆಯ ಸಿಪ್ಪೆಗೆ ಉಗುರು ತಾಗಿಸಿದೊಡನೆ ಸಿಡಿಯುವ ಆ ಘಾಟು ಮೂಗಿಗೆ ಬಡಿದರೆ ಸಾಕು, ಮುಂಬಯಿಯ ಗೋರೆಗಾಂವ್‌ನ ಚಾಳಿನಲ್ಲಿದ್ದ ನಮ್ಮ ಒಂದೇ ಒಂದು ಖೋಲಿ ಕಣ್ಣಮುಂದೆ ಬಂದು ನಿಲ್ಲುತ್ತದೆ. ಎಪ್ಪತ್ತರ ದಶಕದ ಮೊದಲ ವರ್ಷಗಳು. ಅಪ್ಪ ಕಾಂದಿವಲಿಯ ಜಾಮ್ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಸಂಜೆ ಅವನು ಬಾಗಿಲಿಗೆ ಬರುವ ಮೊದಲೇ ಅವನ ಅಂಗಿಯ ಹುಳಿಸಿಹಿ ವಾಸನೆ ಒಳಗೆ ಬರುತ್ತಿತ್ತು. ಬಿಜಾಪುರದ ಕಡೆಯಿಂದ ಬಂದ ಅವನಿಗೆ ಗೊತ್ತಿದ್ದ ಇಂಗ್ಲಿಷೆಲ್ಲ ಆ ಕಾರ್ಖಾನೆಯದೇ. ಹಣ್ಣಿನ ಹೊರಗೆ ಅದು ಕಾಲಿಡುತ್ತಿರಲಿಲ್ಲ.

ನಮ್ಮ ಜೊತೆಗೇ ಇದ್ದ ಅಪ್ಪನ ತಂಗಿ ಶಾಂತತ್ತೆಗೆ ಇಂಗ್ಲಿಷ್ ಬಾರದೆಂದು ಒಂದು ಸಂಬಂಧ ಆಗಲೇ ತಪ್ಪಿಹೋಗಿತ್ತು. ಆಗ ಅತ್ತೆ ಎಷ್ಟೋ ದಿನ ಸರಿಯಾಗಿ ಉಂಡಿರಲಿಲ್ಲ. ಈಗ ಫೋರ್ಟ್‌ನ ಆಫೀಸೊಂದರಲ್ಲಿ ಗುಮಾಸ್ತನಾಗಿದ್ದ ಹುಡುಗ ನೋಡಲು ಬರುತ್ತಾನೆಂದು ತಿಳಿದಾಗ ಅಪ್ಪ ತಾನೇ ಮಾಸ್ತರನಾದ. ಕಿತ್ತಳೆ ಬಿಡಿಸುತ್ತ, "ಹೊರಗಿಂದು ಪೀಲ್. ಅದರ ಕೆಳಗಿನ ಬೆಳ್ಳನ್ನ ಜಾಳಿಗಿ ಪಿತ್. ತೊಳಿ ಸೆಗ್‌ಮೆಂಟ್, ಬೀಜ ಪಿಪ್," ಎಂದು ಹೇಳಿಕೊಟ್ಟ. "ಒಂದು ಹಣ್ಣಿಗೆ ಇಷ್ಟ್ಯಾಕಣ್ಣಾ ಹೆಸರು?" ಎಂದು ಗೊಣಗುತ್ತ ಅತ್ತೆ ತೊಳೆಗಳನ್ನು ನನ್ನ ಬಾಯಿಗೆ ಹಾಕುತ್ತಿದ್ದಳು.

ಹುಡುಗ ತಾಯಿಯೊಡನೆ ಬಂದ. ಹಣ್ಣಿನ ತಟ್ಟೆ ಮುಂದಿಟ್ಟದ್ದಾಯಿತು. "ಇಂಗ್ಲಿಷಿನಾಗ ಏನರ ಹೇಳ್ರಿ," ಎಂದ ಹುಡುಗ. ಅತ್ತೆ ಒಂದು ಕಿತ್ತಳೆ ಎತ್ತಿಕೊಂಡು ಸುಲಿಯತೊಡಗಿದಳು. "ಪೀಲ್," ಎಂದಳು. ಹುಡುಗ ತಲೆಯಾಡಿಸಿದ. "ಪಿತ್," ಎಂದಳು. ಆಡುತ್ತಿದ್ದ ತಲೆ ನಿಂತಿತು. ತಾಯಿ ಮುಂದೆ ಬಾಗಿ ಕೇಳಿದರು: "ಹುಡುಗಿಗೆ ಪಿತ್ತದ ತ್ರಾಸ ಐತೇನ್ರೀ?"

"ಇಲ್ರೀ, ಆಕಿಗಲ್ಲ, ಹಣ್ಣಿಗೈತ್ರೀ!" ಎಂದ ಅಪ್ಪ, ಗಾಬರಿಯಿಂದ.

"ಪಿತ್ತ ಇದ್ದ ಹಣ್ಣು ನಮ್ಮ ಮುಂದ ಇಟ್ಟೀರೇನು?" ಎಂದು ಆಕೆ ಬಾಯಲ್ಲಿದ್ದ ತೊಳೆಯನ್ನು ಕೈಗೆ ಉಗಿದುಕೊಂಡರು. ಅತ್ತೆಗೆ ನಗು ತಡೆಯಲಾಗಲಿಲ್ಲ. ಒಳಗೆ ಓಡಿಹೋಗೋಣವೆಂದರೆ ನಮ್ಮ ಖೋಲಿಗೆ ಒಳಗೆಂಬುದೇ ಇರಲಿಲ್ಲ. ಸೆರಗನ್ನು ಬಾಯಿಗೊತ್ತಿಕೊಂಡು, ಗೋಡೆಗೆ ಮುಖ ಮಾಡಿ, ಭುಜ ಕುಣಿಸುತ್ತ ನಕ್ಕಳು.

ಅವರು ಚಹಾ ಕುಡಿಯದೆ ಎದ್ದುಹೋದರು. ಇದೂ ತಪ್ಪಿತೆಂದು ಅಪ್ಪ ತಲೆಯ ಮೇಲೆ ಕೈಹೊತ್ತು ಕೂತ. ಆದರೆ ಮುಂದಿನ ಭಾನುವಾರ ಹುಡುಗನೊಬ್ಬನೇ ಲೋಕಲ್ ಹಿಡಿದು ಬಂದ, ಚೀಲದಲ್ಲಿ ಮೋಸಂಬಿ. ಅಪ್ಪನನ್ನು ಬಿಟ್ಟು ನೇರವಾಗಿ ಅತ್ತೆಯನ್ನೇ ಕೇಳಿದ: "ಇದರಾಗೂ ಪಿತ್ ಇರ್ತೈತೇನ್ರೀ?"

"ಭಾಳ ಇರ್ತೈತ್ರೀ," ಎಂದಳು ಅತ್ತೆ.

ಮದುವೆಯಾಯಿತು. ಬೀಗಿತ್ತಿ ಮಾತ್ರ ಕೊನೆಯವರೆಗೂ ನಮ್ಮ ಮನೆಯ ಕಿತ್ತಳೆ ಮುಟ್ಟಲಿಲ್ಲ.

ನೀವೂ ಅಂಥದೊಂದು ಖೋಲಿಯಲ್ಲಿ ಬೆಳೆದವರಾದರೆ ನಿಮಗೆ ಗೊತ್ತು, ಅವು ಯಾವುವೂ ಈಗ ಉಳಿದಿಲ್ಲ. ಚಾಳಿದ್ದಲ್ಲಿ ಬಿಲ್ಡಿಂಗ್ ಎದ್ದಿದೆ. ಅಪ್ಪ ಹೋದ, ಕೆಲವು ವರ್ಷಗಳ ಮೇಲೆ ಅತ್ತೆಯ ಗಂಡ, ನಮ್ಮ ಮಾಮನೂ ಹೋದ. ಆಮೇಲೆ ಅತ್ತೆಗೆ ಊಟ ಸೇರುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ಬಾಳೆಹಣ್ಣು ಸುಲಿದು ಕೊಟ್ಟೆ. ಅದಕ್ಕೆ ಅಂಟಿದ್ದ ಎಳೆಯೊಂದನ್ನು ಎಳೆದು, "ಇದಕ್ಕ ಏನಂತಾರವ್ವಾ? ಅಣ್ಣನ ಕಾರ್ಖಾನ್ಯಾಗ ಬಾಳಿಹಣ್ಣು ಬರ್ತಿರಲಿಲ್ಲ," ಎಂದಳು.

ನನಗೂ ಗೊತ್ತಿರಲಿಲ್ಲ.

"ಕೇಳೂಣಂದ್ರ ಈಗ ಯಾರದಾರ?" ಎಂದು ಸಣ್ಣಗೆ ನಕ್ಕು, ಆ ಎಳೆಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಬಹಳ ಹೊತ್ತು ಕೂತಿದ್ದಳು.